ಬೈಕುಲ್ಲಾ ಥ್ರೆಡ್ ಮುಚ್ಚಿಹೋದ ಮಧ್ಯಾಹ್ನ

ಆ ಸೋಮವಾರ ಬೆಳಿಗ್ಗೆ ನಾನು ಬ್ಯಾಗನ್ನು ಕುರ್ಚಿಗೆ ನೇತುಹಾಕುವ ಮೊದಲೇ ಮ್ಯಾನೇಜರ್ ಗೋಡೆಯ ಮೇಲಿನ ಟಿವಿಯತ್ತ ಕೈಮಾಡಿ, "ಇವತ್ತು ನೋಡ್ತಾ ಇರು, ಈ ಕೆಂಪೆಲ್ಲಾ ತಾನೇ ಕರಗುತ್ತೆ" ಎಂದರು. ಅವರು ಹಿಂದಿಯಲ್ಲಿ ಮಾತಾಡುವವರು. ಖುಷಿಯಾದಾಗ ಮಾತ್ರ ಇಷ್ಟು ಮೆಲ್ಲಗೆ ಮಾತಾಡುತ್ತಾರೆ.

ನಮ್ಮದು ಲಿಫ್ಟ್ ರಿಪೇರಿ ಮಾಡುವ ಕಂಪನಿ. ಬಾಂದ್ರಾ ಸ್ಟೇಷನ್ನಿನಿಂದ ನಡೆದು ಬರುವಷ್ಟು ದೂರದಲ್ಲಿ ಆಫೀಸು. ಕೊಲಾಬಾದಿಂದ ದಹಿಸರ್‌ವರೆಗೆ ಎಲ್ಲಿಯೇ ನಮ್ಮ ಲಿಫ್ಟ್ ಕೆಟ್ಟರೂ ದೂರು ಬಂದು ಬೀಳುವುದು ನನ್ನ ಮೇಜಿಗೆ. ಆಫೀಸಿನ ಚಾಟ್ ಆ್ಯಪಿನಲ್ಲಿ ಪ್ರತಿ ದೂರಿಗೂ ಒಂದು ಥ್ರೆಡ್, ಅಂದರೆ ಬೇರೆಯದೇ ಮಾತುಕತೆ, ತೆರೆಯುತ್ತೇನೆ; ಮುಗಿಯುವ ತನಕ ಅದು ಗೋಡೆಯ ಟಿವಿಯಲ್ಲಿ ಕೆಂಪಗೆ ಕಾಣುತ್ತದೆ. ಹೋದ ಮೆಕ್ಯಾನಿಕ್ ಅಲ್ಲಿಂದಲೇ ಅದರಲ್ಲಿ ಫೋಟೋ ಹಾಕುತ್ತಾನೆ, ಮಾತು ರೆಕಾರ್ಡ್ ಮಾಡಿ ಕಳಿಸುತ್ತಾನೆ. ಕೆಲಸ ಮುಗಿಯಿತು ಎಂದು ಅವನು ಹೇಳಿದ ಮೇಲೆ ನಾನು 'ರಿಸಾಲ್ವ್ಡ್' ಒತ್ತಬೇಕು. ಒತ್ತಿದ ಕೂಡಲೇ ಥ್ರೆಡ್ಡಿನ ಮೇಲೆ ಹಸಿರು ಗುರುತು ಬೀಳುತ್ತದೆ, ಇಡೀ ಮಾತುಕತೆ ಮಡಚಿಕೊಂಡು ಪರದೆಯಿಂದ ಹೊರಟುಹೋಗುತ್ತದೆ. ಅದೇ ಕ್ಷಣಕ್ಕೆ ಆ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯ ಮೊಬೈಲಿಗೆ ತಾನಾಗಿ ಒಂದು ಸಂದೇಶ ಹೋಗುತ್ತದೆ: 'ನಿಮ್ಮ ದೂರು ಬಗೆಹರಿದಿದೆ. ಲಿಫ್ಟ್ ಬಳಕೆಗೆ ಸಿದ್ಧ.' ಮುಚ್ಚಿದ ಥ್ರೆಡ್ಡನ್ನು ಮತ್ತೆ ತೆರೆದರೆ ಇನ್ನೊಂದು ಸಂದೇಶ: 'ದೂರನ್ನು ಮತ್ತೆ ತೆರೆಯಲಾಗಿದೆ. ಮುಂದಿನ ಸೂಚನೆಯವರೆಗೆ ಲಿಫ್ಟ್ ಬಳಸಬೇಡಿ.'

ತೊಂದರೆ ಏನೆಂದರೆ ಮೆಕ್ಯಾನಿಕ್‌ಗಳಿಗೆ ಬರೆಯುವ ಅಭ್ಯಾಸ ಕಡಿಮೆ. ಕೆಲಸ ಮುಗಿಸಿ ಲೋಕಲ್ ಟ್ರೇನು ಹಿಡಿಯುವ ಗಡಿಬಿಡಿಯಲ್ಲಿ ಹೇಳುವುದನ್ನೇ ಮರೆಯುತ್ತಾರೆ. ಸರಿಹೋದ ಲಿಫ್ಟುಗಳ ಥ್ರೆಡ್ಡುಗಳೂ ದಿನಗಟ್ಟಲೆ ಟಿವಿಯಲ್ಲಿ ಕೆಂಪಗೆ ಕೂತಿರುತ್ತವೆ. ಅವತ್ತು ಮಧ್ಯಾಹ್ನ ಮಾಲೀಕರು ಒಬ್ಬ ದೊಡ್ಡ ಬಿಲ್ಡರ್‌ನ ಕಡೆಯವರನ್ನು ಕರೆತರುವವರಿದ್ದರು. ಹಾಗಾಗಿ ಮ್ಯಾನೇಜರ್ ಭಾನುವಾರ ಮನೆಯಲ್ಲಿ ಕೂತು ಆ್ಯಪಿಗೆ ಹೊಸ ನಿಯಮ ಹಾಕಿದ್ದರು. ಒಂದು ಗಂಟೆ ಯಾರೂ ಏನೂ ಬರೆಯದಿದ್ದರೆ ಥ್ರೆಡ್ ತಾನೇ ರಿಸಾಲ್ವ್ ಆಗುತ್ತದೆ.

"ಸರ್, ನೆಟ್‌ವರ್ಕ್ ಸಿಗದ ಕಡೆ ಇದ್ದರೆ?" ಎಂದು ಕೇಳಿದೆ.

"ಮುಂಬೈಯಲ್ಲಿ ಒಂದು ಗಂಟೆ ನೆಟ್‌ವರ್ಕ್ ಸಿಗದ ಜಾಗ ಎಲ್ಲಿದೆ, ಹೇಳು ನೋಡೋಣ."

ಅಷ್ಟರಲ್ಲಿ ಎರಡು ಫೋನ್ ಒಟ್ಟಿಗೆ ಬಡಿದುಕೊಂಡವು. ಅವರ ಮಾತಿಗೆ ಉತ್ತರ ನನ್ನಲ್ಲಿತ್ತು: ಲಿಫ್ಟಿನ ತಳದ ಗುಂಡಿ. ಕೊಡಲು ಪುರುಸೊತ್ತಾಗಲಿಲ್ಲ.

ಬೈಕುಲ್ಲಾದ ದೂರು ಹಿಂದಿನ ವಾರದ್ದು. ಹಳೇ ನಾಲ್ಕು ಮಹಡಿಯ ಬಿಲ್ಡಿಂಗು, ಎಳೆದು ಹಾಕುವ ಕಬ್ಬಿಣದ ಜಾಲರಿ ಗೇಟಿನ ಲಿಫ್ಟು. ಕೆಳಗೆ ಬರುವಾಗ ಕುಲುಕುತ್ತದೆ, ತಳದಿಂದ ಕಿರ್ರೆಂದು ಸದ್ದು ಬರುತ್ತದೆ ಎಂದು ಫೋನ್ ಮಾಡಿದ್ದು ಮೂರನೇ ಮಹಡಿಯ ಒಬ್ಬ ಅಜ್ಜಿ. ಸೆಕ್ರೆಟರಿಗೆ ಹೇಳಿ ಹೇಳಿ ಸಾಕಾಗಿ ತಾನೇ ನಂಬರ್ ಹುಡುಕಿ ಮಾಡಿದ್ದೇನೆ ಎಂದಿದ್ದರು. ಥ್ರೆಡ್ಡಿನ ಮೊದಲ ಸಾಲಿನಲ್ಲೇ ಅವರ ನಂಬರ್ ಬರೆದಿಟ್ಟಿದ್ದೆ.

ಆ ಕೆಲಸಕ್ಕೆ ಅವತ್ತು ಹೋದವರು ಇಬ್ಬರು. ಹಿರಿಯ ಮೆಕ್ಯಾನಿಕ್ ವಿಜಯಪುರದ ಕಡೆಯವರು, ನನ್ನ ಕೂಡ ಕನ್ನಡದಲ್ಲೇ ಮಾತಾಡುವವರು. ನನ್ನ ತವರು ಧಾರವಾಡ ಎಂದು ಗೊತ್ತಾದ ದಿನದಿಂದ ನಾನು ಅವರಿಗೆ 'ಅಕ್ಕಾರ', ಅವರು ನನಗೆ 'ಅಣ್ಣಾರ'. ಅವರ ಜೊತೆಗಾರ ಮರಾಠಿಯವನು. ಲಿಫ್ಟು ಹತ್ತಿಳಿಯುವ ಬಾವಿಯ ತಳದಲ್ಲಿ, ನೆಲಮಹಡಿಗಿಂತ ಕೆಳಗೆ, ಒಂದು ಆಳೆತ್ತರದ ಗುಂಡಿ ಇರುತ್ತದೆ. ಅದಕ್ಕೆ ನಾವು ಪಿಟ್ ಅನ್ನುತ್ತೇವೆ. ಇಲ್ಲಿ ಅದರೊಳಗೆ ನೀರು ನಿಂತು ಹಗ್ಗದ ರಾಟೆ ತುಕ್ಕು ಹಿಡಿದಿತ್ತು. ಅಣ್ಣಾರು ಫೋಟೋ ಹಾಕಿ ಇನ್ನೊಂದು ವಿಷಯವನ್ನೂ ಹೇಳಿದ್ದರು. ಪಿಟ್‌ನೊಳಗೆ ನಿಂತವನು ಲಿಫ್ಟನ್ನು ತಡೆಯಲು ಒತ್ತುವ ಸ್ಟಾಪ್ ಸ್ವಿಚ್ ನೀರಿನಿಂದ ಕೆಟ್ಟಿದೆ, ಹೊಸದು ಬೇಕು.

ಪಿಟ್‌ಗೆ ಇಳಿಯುವ ಕೆಲಸಕ್ಕೆ ಯಾವಾಗಲೂ ಇಬ್ಬರು. ಒಬ್ಬ ಒಳಗೆ, ಒಬ್ಬ ಬಾಗಿಲಲ್ಲಿ. ಆದರೆ ಹತ್ತಿರದ ಮಝಗಾಂವ್‌ನಲ್ಲಿ ಲಿಫ್ಟಿನೊಳಗೆ ಜನ ಸಿಕ್ಕಿಬಿದ್ದಿದ್ದಾರೆಂದು ಫೋನ್ ಬಂತು. ಮ್ಯಾನೇಜರ್ ನನ್ನ ಹಿಂದೆಯೇ ನಿಂತಿದ್ದರು. "ಬೈಕುಲ್ಲಾದಿಂದ ಒಬ್ಬನನ್ನು ಕಳಿಸು" ಎಂದರು.

"ಸರ್, ಅಲ್ಲಿ ಪಿಟ್ ಕೆಲಸ ಇದೆ."

"ಬಿಡಿಸಿ ವಾಪಸ್ ಹೋಗ್ತಾನೆ. ಒಳಗೆ ಮಕ್ಕಳಿದ್ದಾರೆ ಅಂತಿದ್ದಾರೆ, ಕಳಿಸು."

ಮಕ್ಕಳಿದ್ದಾರೆ ಎಂದ ಮೇಲೆ ನಾನೇನು ಹೇಳಲಿ. ಜೊತೆಗಾರ ಹೊರಟ. ಅವನು ಬರುವ ತನಕ ಇಳಿಯಬೇಡಿ ಎಂದು ಅಣ್ಣಾರಿಗೆ ಥ್ರೆಡ್ಡಿನಲ್ಲಿ ಬರೆದೆ. ಅವರು ದನಿ ಕಳಿಸಿದರು. "ಬರೇ ನೀರ ಬಳದ ಹಾಕ್ತೀನ್ರಿ ಅಕ್ಕಾರ, ರಾಟಿಗೆ ಕೈ ಹಚ್ಚೂದಿಲ್ಲ. ಮೇನ್ ಆಫ್ ಮಾಡೀನಿ. ಲಿಫ್ಟ್ ಮೂರನೇ ಮಾಳಗ್ಯಾಗ ನಿಲ್ಸಿ ಗೇಟ್ ತಗದ ಇಟ್ಟೀನಿ, ಅಲ್ಲಿಂದ ಹಂದೂದಿಲ್ಲ ಅದು. ಇಲ್ಲಿ ಹುಡುಗ್ರು ಆಡಾಕತ್ತಾರ, ಬೀಳ್ತಾರಂತ ಕೆಳಗಿನ ಬಾಗಲಾ ಮುಂದ ಎಳಕೊಂತೀನಿ."

ಅದು ಸರಿಯಾದ ಮಾತೇ. ಅಂಥ ಲಿಫ್ಟಿನಲ್ಲಿ ಯಾವ ಮಹಡಿಯ ಗೇಟು ತೆರೆದಿದ್ದರೂ ಲಿಫ್ಟು ಕದಲುವುದಿಲ್ಲ. ಆದರೂ ಇಳಿಯಬೇಡಿ ಎಂದು ಇನ್ನೊಮ್ಮೆ ಬರೆದೆ. ಅದನ್ನು ಅವರು ನೋಡಲಿಲ್ಲ. ಆಗಲೇ ಇಳಿದಿದ್ದರು.

ಅಲ್ಲಿಂದ ಮುಂದೆ ನಾನು ಮಝಗಾಂವ್‌ನ ಫೋನಿನಲ್ಲೇ ಮುಳುಗಿದೆ. ಒಳಗೆ ಸಿಕ್ಕಿಕೊಂಡ ತಾಯಿಯೊಬ್ಬಳು ಅಳುತ್ತಿದ್ದಳು. ಮಕ್ಕಳಿಗೆ ನೀರು ಕುಡಿಸಿ, ಬಾಗಿಲು ಬಡಿಯಬೇಡಿ, ಗಾಳಿ ಸಾಕಷ್ಟು ಇರುತ್ತದೆ ಎಂದು ಅವಳಿಗೆ ಹೇಳುತ್ತಲೇ ಇದ್ದೆ. ಅವರು ಹೊರಬಂದರು ಎಂದು ಗೊತ್ತಾದ ಮೇಲೆ ತಲೆ ಎತ್ತಿ ಟಿವಿ ನೋಡಿದೆ. ಮ್ಯಾನೇಜರ್ ಹೇಳಿದಂತೆಯೇ ಆಗಿತ್ತು. ಕೆಂಪು ಬಹುಪಾಲು ಇಳಿದಿತ್ತು. ಗಾಜಿನ ಕ್ಯಾಬಿನ್ನಿನಲ್ಲಿ ಮಾಲೀಕರು ಬಂದು ಕೂತಿದ್ದರು. ಬಿಲ್ಡರ್‌ನ ಕಡೆಯವರು ಚಹಾ ಕುಡಿಯುತ್ತಿದ್ದರು.

ನಿಜ ಹೇಳಬೇಕೆಂದರೆ, ಆ ಖಾಲಿ ಪರದೆ ಕಂಡು ಮೊದಲು ನನಗೂ ಹಾಯೆನಿಸಿತು. ಆಮೇಲೆ ಬೈಕುಲ್ಲಾ ಎಲ್ಲಿ ಎಂದು ಹುಡುಕಿದೆ. ಇರಲಿಲ್ಲ.

ಮುಚ್ಚಿದ ಥ್ರೆಡ್ಡುಗಳ ಕಡೆಗೆ ಹೋಗಿ ತೆರೆದು ನೋಡಿದೆ. ಅಣ್ಣಾರ ದನಿ, ಅದರ ಕೆಳಗೆ ನಾನು ಬರೆದದ್ದು, ಅದರ ಕೆಳಗೆ ಹಸಿರು ಗುರುತು. ಮುಚ್ಚಿದವರು ಯಾರು ಎನ್ನುವ ಜಾಗದಲ್ಲಿ ಮನುಷ್ಯರ ಹೆಸರಿರಲಿಲ್ಲ, 'ಆಟೋ' ಎಂದಿತ್ತು. ಅದಕ್ಕೂ ಕೆಳಗೆ ಸೊಸೈಟಿ ಸೆಕ್ರೆಟರಿಯ ಉತ್ತರ ಬಂದು ಕೂತಿತ್ತು: 'ಧನ್ಯವಾದ. ವಾಚ್‌ಮನ್‌ಗೆ ಹೇಳಿದ್ದೇನೆ, ಈಗ ಚಾಲೂ ಮಾಡುತ್ತಾನೆ.'

ಅಣ್ಣಾರಿಗೆ ಫೋನ್ ಹಚ್ಚಿದೆ. ವ್ಯಾಪ್ತಿಯ ಹೊರಗಿದ್ದಾರೆ ಎಂದಿತು. ಮತ್ತೆ ಹಚ್ಚಿದೆ. ಅದೇ ಮಾತು. ಜೊತೆಗಾರನಿಗೆ ಹಚ್ಚಿದೆ, ಅವನು ಎತ್ತಿದ.

"ನಾನಿನ್ನೂ ಮಝಗಾಂವ್‌ನಲ್ಲೇ ಇದ್ದೀನಿ ಮೇಡಂ, ಈಗ ಹೊರಟೆ" ಎಂದ.

"ಬೈಕುಲ್ಲಾದಲ್ಲಿ ಮೇನ್ ಸ್ವಿಚ್ಚಿಗೆ ಬೀಗ ಹಾಕಿದ್ದೀರಾ?"

ಸ್ವಿಚ್ ಆಫ್ ಮಾಡಿದ ಮೇಲೆ ಬೇರೆ ಯಾರೂ ಆನ್ ಮಾಡದಂತೆ ಹಾಕುವ ಬೀಗ ನಮ್ಮ ಪ್ರತಿ ಜೋಡಿಯ ಬ್ಯಾಗಿನಲ್ಲೂ ಇರುತ್ತದೆ.

"ಬ್ಯಾಗ್ ನನ್ನ ಹತ್ತಿರ ಇದೆ" ಎಂದ.

"ಓಡಿ" ಎಂದು ಫೋನಿಟ್ಟೆ.

ಸೆಕ್ರೆಟರಿಗೆ ಹಚ್ಚಿದರೆ ಅವರು ಕಟ್ ಮಾಡಿದರು. ಮತ್ತೆ ಹಚ್ಚಿದೆ, ಮತ್ತೆ ಕಟ್. ಮೀಟಿಂಗಿನಲ್ಲಿದ್ದೇನೆ ಎಂದು ಸಂದೇಶ ಬಂತು. ವಾಚ್‌ಮನ್‌ನ ನಂಬರ್ ನನ್ನಲ್ಲಿರಲಿಲ್ಲ. ಥ್ರೆಡ್ಡನ್ನು ಮತ್ತೆ ತೆರೆದೆ. ಲಿಫ್ಟ್ ಬಳಸಬೇಡಿ ಎನ್ನುವ ಸಂದೇಶ ಹೋಗುತ್ತದೆ, ನಿಜ. ಆದರೆ ಹೋಗುವುದು ಮೀಟಿಂಗಿನಲ್ಲಿ ಮೊಬೈಲನ್ನು ಕವುಚಿಟ್ಟವರಿಗೆ. ಥ್ರೆಡ್ಡನ್ನು ಬುಡದಿಂದ ಮೇಲಕ್ಕೆ ಉಜ್ಜಿಕೊಂಡು ಹೋದೆ. ಮೊದಲ ಸಾಲಿನಲ್ಲಿ ಅಜ್ಜಿಯ ನಂಬರ್ ಸಿಕ್ಕಿತು.

ತುಂಬಾ ಹೊತ್ತು ರಿಂಗಾದ ಮೇಲೆ ಎತ್ತಿದರು. ಅವರದು ಮರಾಠಿ, ನನ್ನದು ಅರ್ಧ ಹಿಂದಿ ಅರ್ಧ ಮರಾಠಿ. ಮುಂಬೈಯಲ್ಲಿ ಇಬ್ಬರಿಗೂ ಅಷ್ಟು ಸಾಕಾಗುತ್ತದೆ.

"ಆಜಿ, ಲಿಫ್ಟ್ ಕಂಪನಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಮಹಡಿಯ ಗೇಟು ತೆರೆದೇ ಇದೆಯಾ ನೋಡಿ."

"ಇದೆಯಲ್ಲ. ಈಗ ತಾನೇ ಲಿಫ್ಟಿನಲ್ಲಿ ದೀಪ ಬಂತು. ಕೆಳಗಿನಿಂದ ಕೂಗ್ತಿದ್ದಾರೆ, ಗೇಟು ಹಾಕೋಣ ಅಂತ ಚಪ್ಪಲಿ ಹಾಕ್ಕೊಂಡೆ, ನಿನ್ನ ಫೋನ್ ಬಂತು."

ದೀಪ ಬಂದಿದೆ ಎಂದರೆ ವಾಚ್‌ಮನ್ ಮೇನ್ ಆನ್ ಮಾಡಿದ್ದಾನೆ. ಕೆಳಗೆ ಯಾರೋ ಬಟನ್ ಒತ್ತಿ ಕಾಯುತ್ತಿದ್ದಾರೆ. ಪಿಟ್‌ನ ಸ್ಟಾಪ್ ಸ್ವಿಚ್ ಕೆಟ್ಟಿದೆ, ನೆಲಮಹಡಿಯ ಬಾಗಿಲನ್ನು ಅಣ್ಣಾರೇ ಎಳೆದುಕೊಂಡಿದ್ದಾರೆ. ಇನ್ನು ಉಳಿದಿದ್ದು ಆ ಒಂದು ಗೇಟು.

"ಹಾಕಬೇಡಿ!" ಎಂದು ನಾನು ಕಿರುಚಿದ್ದಕ್ಕೆ ಆಫೀಸಿನವರೆಲ್ಲ ತಿರುಗಿ ನೋಡಿದರು. "ಆಜಿ, ಕೆಳಗೆ ಗುಂಡಿಯಲ್ಲಿ ಮನುಷ್ಯ ಇದ್ದಾನೆ. ಗೇಟು ಹಾಕಿದರೆ ಲಿಫ್ಟ್ ಕೆಳಗೆ ಹೋಗುತ್ತೆ. ಯಾರಿಗೂ ಹಾಕಲು ಬಿಡಬೇಡಿ."

ಅವರು ಏನೂ ಕೇಳಲಿಲ್ಲ. ಫೋನಿನಲ್ಲಿ ಏನೋ ಎಳೆದ ಸದ್ದು, ಏದುಸಿರು, ಆಮೇಲೆ ಕಬ್ಬಿಣ ಖಣಲ್ ಎಂದದ್ದು. "ಸ್ಟೂಲ್ ಹಾಕಿ ಗೇಟಿನ ನಡುವೆ ಕೂತೆ" ಎಂದರು. "ನನ್ನ ಮಂಡಿ ಸರಿಯಿಲ್ಲ, ಕೆಳಗೆ ಓಡಲಿಕ್ಕಾಗಲ್ಲ. ಆದರೆ ಇಲ್ಲಿಂದ ನನ್ನನ್ನು ಯಾರೂ ಎಬ್ಬಿಸಲ್ಲ."

ಮುಂಬೈಯ ಹಳೇ ಬಿಲ್ಡಿಂಗುಗಳಲ್ಲಿ ಇದ್ದವರಿಗೆ ಆ ಕೂಗು ಗೊತ್ತು. ಮೇಲೆ ಯಾರೋ ಗೇಟು ಹಾಕದೆ ಹೋದರೆ ಕೆಳಗೆ ಕಾಯುವವರೆಲ್ಲ ಬಾವಿಯೊಳಗೆ ಮುಖ ಮಾಡಿ ಕೂಗುತ್ತಾರೆ. ಈಗ ಅದು ಫೋನಿನೊಳಗಿಂದ ನನಗೆ ಕೇಳಿಸುತ್ತಿತ್ತು. "ದರ್ವಾಜಾ ಬಂದ್ ಕರೋ! ಅರೇ ದರ್ವಾಜಾ!" ಅದರ ಹಿಂದೆ ಒಂದೇ ಸಮ ಗುಂಯ್‌ಗುಡುವ ಸದ್ದು.

"ಅದೇನು ಸದ್ದು ಆಜಿ?"

"ನೀರಿನ ಪಂಪು. ನೀರು ಬರೋ ಹೊತ್ತು."

ಅಂಥ ಹಳೇ ಬಿಲ್ಡಿಂಗುಗಳಲ್ಲಿ ಪಂಪು ಇರುವುದು ಲಿಫ್ಟಿನ ಪಕ್ಕದಲ್ಲೇ. ಗುಂಡಿಯೊಳಗಿನಿಂದ ಅಣ್ಣಾರು ಎಷ್ಟು ಕೂಗಿದರೂ ಹೊರಗಿನವರಿಗೆ ಕೇಳಿಸುವುದಿಲ್ಲ ಎಂದು ಆಗ ಅರ್ಥವಾಯಿತು. ಅವರು ಕೂಗುವ ಸ್ಥಿತಿಯಲ್ಲಿ ಇದ್ದಾರೋ ಇಲ್ಲವೋ ಎನ್ನುವ ಯೋಚನೆಯೂ ಹಿಂದೆಯೇ ಬಂತು. ಒದ್ದೆ ಗುಂಡಿ, ಕರೆಂಟು ಬಂದಿದೆ. ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದೆ.

"ಕೆಳಗಿನವರಿಗೆ ಹೇಳಿ ಆಜಿ, ಮೇನ್ ಆಫ್ ಮಾಡಿ ಅಂತ ಕೂಗಿ."

ಅವರು ಕೂಗಿದರು. ವಯಸ್ಸಾದ ಗಂಟಲು, ಪಂಪಿನ ಸದ್ದಿನಲ್ಲಿ ಎಷ್ಟು ಕೇಳಿಸಿತೋ. ಯಾರೋ ಮೆಟ್ಟಿಲು ಹತ್ತಿ ಬರುವ ಸದ್ದಾಯಿತು. ಗಂಡಸಿನ ಸಿಟ್ಟಿನ ದನಿ. "ಏನಿದು ತಮಾಷೆ? ಎಷ್ಟು ಹೊತ್ತಿನಿಂದ ಕೂಗ್ತಿದ್ದೀವಿ! ಏಳಿ, ಗೇಟು ಬಿಡಿ." ಗೇಟು ಗಡಗಡ ಅಲ್ಲಾಡಿತು. ಅವನು ಅದನ್ನು ಎಳೆಯುತ್ತಿದ್ದ.

ಆಜಿ ಚೀರಿದರು. "ಖಾಲೀ ಮಾಣೂಸ್ ಆಹೇ! ಕೆಳಗೆ ಮನುಷ್ಯ ಇದ್ದಾನೆ!"

ಗೇಟಿನ ಸದ್ದು ನಿಂತಿತು. ಆಮೇಲೆ ಮೆಟ್ಟಿಲುಗಳನ್ನು ಧಡಧಡ ಇಳಿದುಹೋಗುವ ಹೆಜ್ಜೆಗಳು. ಅವನು ಏನನ್ನೂ ಕೇಳದೆ ಓಡಿದ್ದ.

ನಾನು ಫೋನು ಕಿವಿಗೊತ್ತಿ ಕಾಯುತ್ತಿದ್ದೆ. ಕಣ್ಣು ಸುಮ್ಮನೆ ಗೋಡೆಯ ಟಿವಿಯ ಮೇಲಿತ್ತು. ಆಗ ನನ್ನ ಕಣ್ಣೆದುರಿಗೇ ಇನ್ನೊಂದು ಥ್ರೆಡ್, ಪರೇಲ್ ಕಡೆಯದು, ಕೆಂಪಿನಿಂದ ಹಸಿರಿಗೆ ತಿರುಗಿ ಮಾಯವಾಯಿತು.

ಆ ಕ್ಷಣದ ಭಯ ಬೇರೆಯೇ ಥರದ್ದು. ಅಲ್ಲಿಯವರೆಗೆ ನಾನು ಒಬ್ಬರಿಗಾಗಿ ಹೆದರಿದ್ದೆ. ನಿಯಮ ಇನ್ನೂ ಓಡುತ್ತಲೇ ಇತ್ತು. ಬೆಳಿಗ್ಗೆಯಿಂದ ಅದು ಮುಚ್ಚಿದ ಥ್ರೆಡ್ಡುಗಳಲ್ಲಿ ಯಾವುದರ ಹಿಂದೆ ಯಾರು ಪಿಟ್‌ನಲ್ಲಿದ್ದಾರೆ, ಯಾರು ಲಿಫ್ಟಿನ ತಲೆಯ ಮೇಲೆ ನಿಂತು ಹಗ್ಗ ನೋಡುತ್ತಿದ್ದಾರೆ, ನನಗೆ ಗೊತ್ತಿರಲಿಲ್ಲ. ನಿಯಮವನ್ನು ನಿಲ್ಲಿಸುವ ಅಧಿಕಾರ ಮ್ಯಾನೇಜರ್‌ಗೆ ಮಾತ್ರ. ಅವರು ಕ್ಯಾಬಿನ್ನಿನಲ್ಲಿ ಪರದೆಯ ಮುಂದೆ ನಿಂತು ಏನೋ ವಿವರಿಸುತ್ತಿದ್ದರು. ಗಾಜು ತಟ್ಟಿದೆ. ಕೈಯಲ್ಲೇ 'ಆಮೇಲೆ' ಎಂದರು. ಮತ್ತೆ ತಟ್ಟಿದೆ. ಮುಖ ಗಂಟು ಹಾಕಿ ಬೆನ್ನು ತಿರುಗಿಸಿದರು.

ಬಾಗಿಲು ತಳ್ಳಿ ಒಳಗೆ ಹೋಗಬಹುದಿತ್ತು. ಒಳಗೆ ಹೋಗಿ, ಆ ಜನರೆದುರು ಅವರಿಗೆ ಬಿಡಿಸಿ ಹೇಳಿ, ಅವರು ನಂಬಿ, ಲಾಗಿನ್ ಆಗಿ ನಿಲ್ಲಿಸುವಷ್ಟರಲ್ಲಿ ಇನ್ನೆಷ್ಟು ಬಿಲ್ಡಿಂಗುಗಳಲ್ಲಿ ಮೇನ್ ಆನ್ ಆಗುತ್ತದೋ. ಮುಚ್ಚಿದ್ದನ್ನು ಮತ್ತೆ ತೆರೆಯುವುದು ಮಾತ್ರ ನನ್ನ ಕೈಯಲ್ಲಿತ್ತು. ತೆರೆದರೆ ಪ್ರತಿಯೊಬ್ಬ ಸೆಕ್ರೆಟರಿಗೂ ಲಿಫ್ಟ್ ಬಳಸಬೇಡಿ ಎಂದು ಹೋಗುತ್ತದೆ. ನಿಜವಾಗಿ ಸರಿಹೋದವರಿಗೂ ಹೋಗುತ್ತದೆ. ಮಾಲೀಕರು ಒಳಗೆ ಕೂತು ನಮ್ಮ ಕೆಲಸ ಹೊಗಳುತ್ತಿರುವ ಹೊತ್ತಿಗೆ ಅರ್ಧ ಮುಂಬೈಯ ಗ್ರಾಹಕರಿಗೆ ನಿಮ್ಮ ಲಿಫ್ಟ್ ಅಪಾಯ ಎಂದು ನಾನು ಸಾರಿದಂತೆ. ನಾನು ಕಂಪನಿಯಲ್ಲಿ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಗಂಡನ ಕೆಲಸ ಹೋಗಿ ಕೆಲವು ತಿಂಗಳಾಗಿತ್ತು. ಅದೆಲ್ಲ ತಲೆಯಲ್ಲಿ ಬಂದು ಹೋಯಿತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಮೇಜಿಗೆ ವಾಪಸ್ ಬಂದು, ಒಂದು ಕೈಯಲ್ಲಿ ಆಜಿಯ ಕರೆ ಇದ್ದ ಮೊಬೈಲು ಹಿಡಿದೇ ಕೂತು, ಇನ್ನೊಂದು ಕೈಯಿಂದ ಒಂದೊಂದಾಗಿ ತೆರೆಯತೊಡಗಿದೆ. ಪರೇಲ್. ಚೆಂಬೂರ್. ದಹಿಸರ್‌ನ ಎರಡು. ತೆರೆದದ್ದಕ್ಕೆಲ್ಲ ಒಂದು ಚುಕ್ಕೆ ಒತ್ತಿ ಕಳಿಸಿದೆ. ಯಾರಾದರೂ ಏನಾದರೂ ಬರೆದರೆ ಆ ಥ್ರೆಡ್ಡಿನ ಒಂದು ಗಂಟೆ ಮತ್ತೆ ಮೊದಲಿನಿಂದ ಶುರುವಾಗುತ್ತದಲ್ಲ. ಇನ್ನೂ ಮುಚ್ಚದೆ ಉಳಿದಿದ್ದ ಥ್ರೆಡ್ಡುಗಳಿಗೂ ಚುಕ್ಕೆ ಹಾಕಿದೆ. ಅವಸರದಲ್ಲಿ ಕೆಲವು ಕಡೆ ಎರಡೆರಡು ಚುಕ್ಕೆ ಹೋದವು. ಟಿವಿ ಮೇಲಿನಿಂದ ಕೆಳಗೆ ಕೆಂಪಗಾಯಿತು.

ಕಿವಿಯಲ್ಲಿ ಪಂಪಿನ ಸದ್ದು ಫಕ್ಕನೆ ನಿಂತಿತು.

"ದೀಪ ಹೋಯ್ತು" ಎಂದರು ಆಜಿ. "ಪಂಪೂ ನಿಲ್ಲಿಸಿದ್ದಾರೆ."

"ಆಜಿ, ಕೆಳಗೆ ಬಗ್ಗಿ ಕೇಳಿ. ಏನಾದರೂ ದನಿ ಇದೆಯಾ?"

ಅವರು ಉತ್ತರ ಕೊಡಲಿಲ್ಲ. ಈಗಲೂ ಕೆಲವೊಮ್ಮೆ ಬಾಂದ್ರಾದಲ್ಲಿ ಟ್ರೇನು ಹತ್ತುವಾಗ ಆ ಮೌನ ನೆನಪಾಗಿ ಕಾಲು ತಡೆಯುತ್ತದೆ.

"ದನಿ ಬರ್ತಿದೆ" ಎಂದರು ಕೊನೆಗೆ. "ಏನೋ ಹೇಳ್ತಿದ್ದಾನೆ. ನನಗೆ ಗೊತ್ತಿಲ್ಲದ ಭಾಷೆ."

"ಫೋನನ್ನು ಸಂದಿಯ ಹತ್ತಿರ ಹಿಡೀರಿ ಆಜಿ."

ಹಿಡಿದರು. ಬಾವಿಯ ತಳದಿಂದ, ಗೋಡೆಗಳಿಗೆ ಬಡಿದು ಬಡಿದು ಮೇಲೆ ಬಂದ ದನಿ. "ಯಾರರ ಅದೀರೇನ್ರೀ... ಕರೆಂಟ್ ಬಂದ್ ಮಾಡ್ರೋ... ನಾ ಒಳಗ ಅದೀನ್ರೋ..." ನನ್ನೊಬ್ಬಳನ್ನು ಬಿಟ್ಟು ಎಲ್ಲರ ಕೂಡ ಹಿಂದಿಯಲ್ಲೇ ಮಾತಾಡುವ ಮನುಷ್ಯ. ಜೀವಕ್ಕೆ ಬಂದಾಗ ಅವರ ಬಾಯಲ್ಲಿ ಕನ್ನಡ ಒಂದೇ ಉಳಿದಿತ್ತು.

"ಅಣ್ಣಾರ! ಕರೆಂಟ್ ಬಂದ್ ಆಗೇದ್ರಿ! ಮ್ಯಾಲ ಬರ್ರಿ!" ಎಂದು ನಾನು ಕೂಗಿದೆ. ಅವರಿಗೆ ಅದು ತಲುಪಲಿಲ್ಲ. ಅದೇ ಮಾತನ್ನು ಮತ್ತೆ ಮತ್ತೆ ಕೂಗುತ್ತಿದ್ದರು. ಒಂದು ಮೊಬೈಲಿನ ದನಿ ಮೂರು ಮಹಡಿ ಇಳಿಯುವುದು ಎಲ್ಲಿಂದ.

"ಆಜಿ, ನಾನು ಹೇಳಿದ ಹಾಗೆ ಹೇಳಿ. ಮ್ಯಾಲ ಬರ್ರಿ."

"ಮ್ಯಾಲ?"

"ಮ್ಯಾಲ ಬರ್ರಿ."

ಆ ಮುದುಕಿ ಗೇಟಿನ ನಡುವೆ ಕೂತಲ್ಲಿಂದಲೇ, ತನಗೆ ಅರ್ಥವೇ ಗೊತ್ತಿಲ್ಲದ ಎರಡು ಶಬ್ದವನ್ನು ಗಂಟಲು ಹರಿಯುವಂತೆ ಬಾವಿಯೊಳಗೆ ಕೂಗಿದರು. "ಮ್ಯಾಲ ಬರ್ರೀ! ಮ್ಯಾಲ ಬರ್ರೀ!"

ಕೆಳಗಿನ ಕೂಗು ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದ ಸದ್ದು, ಒಟ್ಟಿಗೆ ಹತ್ತಾರು ಜನರ ಗದ್ದಲ. "ಬಂದ, ಬಂದ" ಎಂದರು ಆಜಿ. ಆಮೇಲೆ ಅವರು ಅಳತೊಡಗಿದರು. ಫೋನ್ ಇಡುವ ಧೈರ್ಯ ನನಗಾಗಲಿಲ್ಲ. ಅಣ್ಣಾರು ನಡೆದು ಬಂದರಾ, ಎತ್ತಿಕೊಂಡು ಬಂದರಾ ಎಂದು ಮೂರು ಸಲ ಕೇಳಿದೆ. ನಡೆದು ಬಂದು ಮೆಟ್ಟಿಲ ಮೇಲೆ ಕೂತಿದ್ದಾನಂತೆ, ಯಾರೋ ಸಕ್ಕರೆ ನೀರು ಕೊಡ್ತಿದ್ದಾರಂತೆ ಎಂದರು.

ಅಷ್ಟರಲ್ಲಿ ಆಫೀಸಿನ ಫೋನುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಸೆಕ್ರೆಟರಿಗಳು. ನಿನ್ನೆ ಸರಿಯಾದ ಲಿಫ್ಟ್ ಇವತ್ತು ಯಾಕೆ ಬಳಸಬಾರದು? ಯಾರಾದರೂ ಬಿದ್ದರೆ ಯಾರು ಹೊಣೆ? ಕ್ಯಾಬಿನ್ ಬಾಗಿಲು ತೆರೆದು ಮ್ಯಾನೇಜರ್ ನೆಟ್ಟಗೆ ನನ್ನ ಮೇಜಿಗೆ ಬಂದರು. ಹಿಂದೆ ಮಾಲೀಕರು ಬಾಗಿಲಲ್ಲೇ ನಿಂತರು.

"ಏನು ಮಾಡಿದ್ದೀಯಾ ನೀನು? ತಲೆ ಸರಿ ಇದೆಯಾ? ಎಲ್ಲಾ ಮುಚ್ಚು, ಈಗಲೇ ಮುಚ್ಚು!"

ವಾದ ಮಾಡುವ ಶಕ್ತಿ ಇರಲಿಲ್ಲ. "ಮುಚ್ಚಲ್ಲ ಸರ್" ಎಂದೆ. "ಬೈಕುಲ್ಲಾ ಥ್ರೆಡ್ ಓದಿ."

ಅವರು ನನ್ನ ಪರದೆಗೆ ಬಗ್ಗಿದರು. ಅಣ್ಣಾರ ಮಾತನ್ನು ಹಿಂದಿಯಲ್ಲಿ ಹೇಳಿದೆ. ಹಸಿರು ಗುರುತು, ಸೆಕ್ರೆಟರಿಯ ಧನ್ಯವಾದ ಓದಿದರು. ಅವರ ಕಣ್ಣು 'ಆಟೋ' ಎನ್ನುವ ಶಬ್ದದ ಮೇಲೆ ನಿಂತದ್ದು ನನಗೆ ಕಂಡಿತು.

"ಅವನು ಒಳಗಿದ್ದನಾ?"

"ಈಗ ಹೊರಗೆ ಬಂದರು."

ಅವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಲಾಗಿನ್ ಆದರು. ಪಾಸ್‌ವರ್ಡ್ ಎರಡು ಸಲ ತಪ್ಪಿತು. ನಿಯಮ ತೆಗೆದ ಮೇಲೂ ಅವರು ಏಳಲಿಲ್ಲ, ಒಂದು ಫೋನ್ ಎತ್ತಿಕೊಂಡು ಮೆಕ್ಯಾನಿಕ್‌ಗಳಿಗೆ ತಾವೇ ಹಚ್ಚತೊಡಗಿದರು. ಎಲ್ಲಿದ್ದೀಯಾ, ಬಾವಿಯ ಒಳಗಾ ಹೊರಗಾ, ಜೊತೆಗೆ ಯಾರಿದ್ದಾರೆ. ನಾನು ಇನ್ನೊಂದು ಕಡೆಯಿಂದ ಅದೇ ಕೇಳುತ್ತಾ ಹೋದೆ. ಬಹಳಷ್ಟು ಲಿಫ್ಟುಗಳು ನಿಜವಾಗಿಯೂ ಸರಿಹೋಗಿದ್ದವು. ಪರೇಲ್‌ನಲ್ಲಿ ಇಬ್ಬರು ಲಿಫ್ಟಿನ ತಲೆಯ ಮೇಲೆ ನಿಂತಿದ್ದರು. ಅಲ್ಲಿ ಸ್ವಿಚ್ಚಿಗೆ ಬೀಗ ಬಿದ್ದಿತ್ತು. ಮೇನ್ ಆನ್ ಮಾಡಲು ಬಂದ ವಾಚ್‌ಮನ್ ಬೀಗ ಎಳೆದು ನೋಡಿ ವಾಪಸ್ ಹೋಗಿದ್ದ. ಆ ಮಾತು ಕೇಳಿದಾಗ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು.

ಬಿಲ್ಡರ್‌ನ ಕಡೆಯವರು ಬೇಗನೇ ಹೊರಟುಹೋದರು. ಮಾಲೀಕರು ನನ್ನನ್ನು ಕರೆಸಿ, ಗ್ರಾಹಕರಿಗೆ ಇಂಥ ಸಂದೇಶ ಕಳಿಸುವ ಮೊದಲು ಯಾರನ್ನು ಕೇಳಬೇಕಿತ್ತು ಎಂದು ಕೇಳಿದರು. ಗಾಜು ತಟ್ಟಿದೆ ಎಂದೆ. ಮ್ಯಾನೇಜರ್ ಅಲ್ಲೇ ಇದ್ದರು. "ತಟ್ಟಿದ್ದಳು ಸರ್, ನಾನೇ ಬಾಗಿಲು ತೆರೆಯಲಿಲ್ಲ. ನಿಯಮ ಹಾಕಿದ್ದೂ ನಾನೇ" ಎಂದರು. ಮಾಲೀಕರು ಬಾಗಿಲು ತೋರಿಸಿ, ಇಬ್ಬರೂ ಹೋಗಿ ಎಂದರು. ಕೆಲಸ ಉಳಿಯಿತೋ ಹೋಯಿತೋ ಅವತ್ತು ತಿಳಿಯಲಿಲ್ಲ. ಉಳಿಯಿತು.

ಸಂಜೆ ಅಣ್ಣಾರು ಆಫೀಸಿಗೆ ಬಂದರು. ಮನೆಗೆ ಹೋಗಿ ಎಂದರೆ ಕೇಳದೆ ಬಂದಿದ್ದರು. ಪ್ಯಾಂಟು ಮಂಡಿಯವರೆಗೆ ಕೆಸರು, ಮೊಣಕೈ ತರಚಿತ್ತು. ಮುಂದೆ ಇಟ್ಟ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಮ್ಯಾಲ ಖಟ್ ಅಂತ ಸಪ್ಪಳ ಆತ್ರಿ ಅಕ್ಕಾರ" ಎಂದರು. "ಕರೆಂಟ್ ಬಂದಾಗ ಆಗೂ ಸಪ್ಪಳ. ಜೋಡೀದಾರ ಬಂದಾನ, ಚ್ಯಾಷ್ಟಿ ಮಾಡಾಕತ್ತಾನ ಅನಕೊಂಡೆ. ಆಮ್ಯಾಲ ಯಾರೋ ಗೇಟ್ ಜಗ್ಗಿದ್ದು ಕೇಳ್ತು. ಹಗ್ಗ ಸಣ್ಣಗ ನಡಗಿತ್ರಿ. ಮೂಲ್ಯಾಗ ಗ್ವಾಡಿಗೆ ಹತ್ತಿ ನಿಂತೆ. ಮ್ಯಾಲ ಹತ್ತಬೇಕಂದ್ರ ಕಾಲಽ ಬರವಲ್ವು."

"ಬ್ಯಾಡ್ರಿ ಅಣ್ಣಾರ, ಈಗ ಅದನ್ನ ನೆನಸಬ್ಯಾಡ್ರಿ."

"ನೆನಸದಽ ಬರ್ತದ್ರಿ ಅದು." ಆಮೇಲೆ ಕೇಳಿದರು. "ಮ್ಯಾಲ ಬರ್ರಿ ಅಂದಾಕಿ ಯಾರ್ರಿ? ನಮ್ಮ ಕಡೆ ಮಂದಿ ಅದಾರ ಅಲ್ಲಿ ಅನಕೊಂಡೆ. ಹೊರಗ ಬಂದು ಹುಡುಕಿದ್ರ ಯಾರೂ ಇಲ್ಲ."

ಯಾರು ಎಂದು ಹೇಳಿದೆ. ಅವರು ನಗಲು ಹೋದರು, ಆಗಲಿಲ್ಲ. ಕೆಸರಿನ ತೋಳಿನಿಂದ ಮುಖ ಒರೆಸಿಕೊಂಡರು.

ಆಮೇಲೆ ಥ್ರೆಡ್ ತೋರಿಸಿ ಎಂದರು. ತೋರಿಸಿದೆ. ಲಿಫ್ಟ್ ಬಳಕೆಗೆ ಸಿದ್ಧ ಎನ್ನುವ ಸಾಲನ್ನು ಬೆರಳಿಟ್ಟು ನಿಧಾನ ಓದಿದರು. "ಇದು ಹೋದಾಗ ನಾ ಕೆಳಗ ಇದ್ದೆ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಬೇರೆ ಯಾರದೋ ಸುದ್ದಿ ಓದಿದಂತೆ ಹೇಳಿದರು. "ಊರಾಗ ನಮ್ಮಾಕಿಗೆ ಇದು ಗೊತ್ತಾಗಬಾರದು ನೋಡ್ರಿ ಅಕ್ಕಾರ."

ಟಿವಿಯಲ್ಲಿ ಆ ಹೊತ್ತಿಗೆ ಉಳಿದ ಥ್ರೆಡ್ಡುಗಳನ್ನೆಲ್ಲ ವಿಚಾರಿಸಿ ಮುಚ್ಚಿಯಾಗಿತ್ತು. ಬೈಕುಲ್ಲಾ ಒಂದೇ ಕೆಂಪಗಿತ್ತು. ಅವರು ಹೊರಬಂದಾಗಿದೆ, ಲಿಫ್ಟಿಗೆ ಬೀಗ ಬಿದ್ದಿದೆ, ರಾಟೆಯ ಕೆಲಸಕ್ಕೆ ಬೇರೆ ದೂರು ಬರೆದುಕೊಳ್ಳಬಹುದು. ಅದನ್ನು ಕಣ್ಣೆದುರಿಗೆ ಇಟ್ಟುಕೊಳ್ಳುವುದೇ ನನಗೆ ಕಷ್ಟವಾಗಿತ್ತು.

"ಇದನ್ನ ಮುಚ್ಚಲೇನ್ರಿ?" ಎಂದೆ.

ಅವರು ಅಡ್ಡ ತಲೆಯಾಡಿಸಿದರು.

"ಇವತ್ತ ಬ್ಯಾಡ್ರಿ" ಎಂದರು. "ನಾಳೆ ಇಬ್ಬರೂ ಹೋಗಿ ಕೆಲಸ ಮುಗಸ್ತೀವಿ."

"ನಾಳೆನೇ ಇಳೀತೀರಾ? ಬ್ಯಾರೆದವರನ್ನ ಕಳಸ್ತೀನಿ."

"ನಾಳೆ ಇಳೀಲಿಲ್ಲಂದ್ರ ಇನ್ನಽ ಯಾವತ್ತೂ ಇಳಿಯೂದಿಲ್ರಿ ನಾ."

ಹಿಂದಿನಿಂದ ಮ್ಯಾನೇಜರ್ ಬಂದು ನಿಂತಿದ್ದು ನಾವಿಬ್ಬರೂ ನೋಡಿರಲಿಲ್ಲ. ಕನ್ನಡ ಅವರಿಗೆ ಬಾರದು. ಆದರೆ ಏನು ಮಾತಾಡಿದಿರಿ ಎಂದು ಕೇಳಲಿಲ್ಲ. ಆ ಒಂದು ಕೆಂಪು ಸಾಲನ್ನು ನೋಡಿ, ಹಾಗೇ ಬಿಟ್ಟು, ಆಫೀಸಿನ ದೀಪ ಆರಿಸಲು ಹೋದರು.

ಮರುದಿನ ಬೆಳಿಗ್ಗೆಯಿಡೀ ನಾನು ಆ ಥ್ರೆಡ್ಡಿನ ಮುಂದೆಯೇ ಕೂತಿದ್ದೆ. ಮೇನ್‌ಗೆ ಬೀಗ ಹಾಕಿದ ಫೋಟೋ ಬಂತು. ಹೊಸ ಸ್ಟಾಪ್ ಸ್ವಿಚ್ ಬಂತು. ಒಬ್ಬ ಒಳಗೆ, ಒಬ್ಬ ಬಾಗಿಲಲ್ಲಿ ಎಂದು ಜೊತೆಗಾರ ಬರೆದ. ಆಮೇಲೆ ಮೌನ. ಆ ಹೊತ್ತಿನಲ್ಲಿ ನಾನು ಚಹಾಕ್ಕೂ ಏಳಲಿಲ್ಲ. ಕೊನೆಗೆ ಅಣ್ಣಾರ ದನಿ ಬಂತು. "ಇಬ್ಬರೂ ಮ್ಯಾಲ ಬಂದೀವ್ರಿ ಅಕ್ಕಾರ. ಈಗ ಮುಚ್ರಿ."

ನಾನು ಫೋನ್ ಹಚ್ಚಿದೆ. ಅವರ ಹಿಂದೆ ರಸ್ತೆಯ ಹಾರ್ನು, ಮಕ್ಕಳ ಗಲಾಟೆ ಕೇಳಿಸಿತು. ಜೊತೆಗಾರನ ದನಿಯನ್ನೂ ಕೇಳಿಸಿ ಎಂದೆ. ಅವನೂ ಮಾತಾಡಿದ. ಆಮೇಲೆ 'ರಿಸಾಲ್ವ್ಡ್' ಒತ್ತಿದೆ.